ಬಿಚ್ಚಿ ಕಟ್ಟಿದರೆ ಬಾಳಿಕೆ

ಜುಲೈ ತಿಂಗಳಲ್ಲಿ ಕುಮಾರಪಟ್ಟಣದ ಹೊಳೆದಂಡೆಗೆ ಹೋಗಿ ನಿಂತರೆ ತುಂಗಭದ್ರೆ ಕೆಂಪಗೆ, ತುಂಬಿ ಹರಿಯುತ್ತಿರುತ್ತಾಳೆ. ತಲೆಯ ಮೇಲೆ ಒಮ್ಮೊಮ್ಮೆ ಹನಿಯೂ ಇರುವುದಿಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ನಮ್ಮಲ್ಲಿಗೆ ಬಂದಿರುತ್ತದೆ. ರಾಣೆಬೆನ್ನೂರು ಸೀಮೆಗೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಮಲೆನಾಡಿನ ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಅಂಥ ಮಳೆಯಲ್ಲಿ ದನದ ಕೊಟ್ಟಿಗೆಯೂ ಅಡಿಕೆ ಒಣಗಿಸುವ ಅಟ್ಟವೂ ತಲೆಮಾರುಗಟ್ಟಲೆ ಉಳಿದು ಬಂದಿವೆ.

ನಮ್ಮ ಕಡೆಯ ಹಳೇ ಮನೆಗಳಲ್ಲಿ ದನ ಕಟ್ಟುವ ದಂದಕ್ಕಿ ಮನೆಯೊಳಗೇ. ಬಾಗಿಲು ದಾಟಿದರೆ ತಗ್ಗಿನಲ್ಲಿ ಎತ್ತು, ಗ್ವಾದಲಿ, ಎತ್ತರದಲ್ಲಿ ಪಡಸಾಲೆ. ಮೇಲೆ ಮಣ್ಣಿನ ಮಾಳಿಗೆ. ಮಲೆನಾಡಿನಲ್ಲಿ ಕೊಟ್ಟಿಗೆ ಮನೆಯಿಂದ ದೂರ ಸರಿದು ನಿಲ್ಲುತ್ತದೆ. ಮಾಡು ಕಡಿದಾಗಿ ಇಳಿದಿರುತ್ತದೆ, ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತದೆ. ಮೊದಲು ಹುಲ್ಲು, ಸೋಗೆ ಹೊದೆಸುತ್ತಿದ್ದರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹಂಚು ನಿಧಾನಕ್ಕೆ ಘಟ್ಟ ಹತ್ತಿತು.

ಮರದ ಶತ್ರು ಮಳೆಗಿಂತ ಹೆಚ್ಚಾಗಿ ಆರದ ತೇವ. ಮರದೊಳಗಿನ ನೀರು ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ನೆಲದಲ್ಲಿ ಹೂತ ಕಂಬ ಮೊದಲು ಲಡ್ಡಾಗುವುದು ಮಣ್ಣೂ ಗಾಳಿಯೂ ಸೇರುವ ಆ ಒಂದು ಗೇಣಿನಲ್ಲೇ. ಅದಕ್ಕೇ ಬಲ್ಲವರು ಕಂಬವನ್ನು ಕಲ್ಲಿನ ಮೇಲೆ ಕೂರಿಸುತ್ತಾರೆ. ಗಾಳಿಮಳೆ ಬಡಿಯುವ ಕಡೆಗೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಇರಚಲನ್ನು ತಟ್ಟಿ ತಿನ್ನುತ್ತದೆ, ಗೋಡೆ ಉಳಿಯುತ್ತದೆ. ಮಳೆ ಮುಗಿದ ಮೇಲೆ ಆ ತಟ್ಟಿ ಗೊಬ್ಬರದ ಗುಂಡಿಗೆ.

ಕೊಟ್ಟಿಗೆಯ ನೆಲವೂ ಹಾಗೇ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಒಣ ಎಲೆ, ಹಾಸುತ್ತಾರೆ. ಸಗಣಿ, ಗಂಜಳ ಹೀರಿದ ಹಾಸು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದಲೂ ನಡೆದುಬಂದದ್ದು ಇದಕ್ಕಾಗಿಯೇ.

ಅಂಗಳದ ಅಟ್ಟ ಇನ್ನೂ ಜಾಣತನದ್ದು. ಫಸಲು ನಿಂತ ಮುದಿ ಅಡಿಕೆ ಮರವನ್ನು ಕಡಿದು, ಬೆಣೆ ಹೊಡೆದು ಉದ್ದಕ್ಕೆ ಸೀಳುತ್ತಾರೆ. ಒಳಗಿನ ತಿರುಳು ಮೆತ್ತಗೆ, ನೀರು ಕುಡಿಯುವಂಥದ್ದು. ಅದನ್ನು ಕತ್ತಿಯಿಂದ ಹೆರೆದು ತೆಗೆದರೆ ಕೈಗೆ ಉಳಿಯುವುದು ಕಬ್ಬಿಣದಂಥ ದಬ್ಬೆ. ಆಳೆತ್ತರದ ಕಂಬಗಳ ಮೇಲೆ ಅಡ್ಡಗಳು, ಅಡ್ಡಗಳ ಮೇಲೆ ಸಾಲಾಗಿ ದಬ್ಬೆ, ನಡುನಡುವೆ ಬೆರಳು ತೂರುವಷ್ಟು ಸಂದು. ಮೇಲೆ ಚಾಪೆ ಹಾಸಿ, ಸುಲಿದು ಬೇಯಿಸಿದ ಅಡಿಕೆ ಹರವಿದರೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಗಾಳಿ. ಅಟ್ಟದಡಿಯ ನೆರಳು ಕೆಲಸದವರಿಗೆ.

ಕೊಯ್ಲು ಮುಗಿದು ಮಳೆ ಹತ್ತಿರವಾದಂತೆ ಅಟ್ಟ ಬಿಚ್ಚುತ್ತಾರೆ. ದಬ್ಬೆಗಳು ಸೂರಿನಡಿ ಸೇರುತ್ತವೆ. ದೀಪಾವಳಿಯ ಆಚೀಚೆ ಮತ್ತೆ ಅಂಗಳಕ್ಕೆ. ಮಳೆಗೆ ಸಿಗದ್ದರಿಂದಲೇ ಅವಕ್ಕೆ ಅಷ್ಟು ಆಯುಷ್ಯ. ಅಗ್ಗದ್ದನ್ನು ವರ್ಷವೂ ಬದಲಿಸು, ದುಬಾರಿಯದನ್ನು ಒದ್ದೆಯಾಗಲು ಬಿಡಬೇಡ: ಮಲೆನಾಡಿನ ಕಟ್ಟೋಣದ ಗುಟ್ಟು ಇಷ್ಟೇ. ಮಳೆಗೆ ಮೊದಲು ಮಾಳಿಗೆ ಹತ್ತಿ ಸವಳು ಮಣ್ಣು ಹರವುತ್ತಿದ್ದ ನಮ್ಮ ಹಿರಿಯರೂ ಇದೇ ಲೆಕ್ಕದವರು.

ಈಗ ಕಂಬದ ಜಾಗಕ್ಕೆ ಕಬ್ಬಿಣದ ಪೈಪು, ಮೇಲೆ ಪ್ಲಾಸ್ಟಿಕ್ ಹಾಳೆಯ ಮಾಡು ಬಂದಿದೆ. ಅಕಾಲದ ಮಳೆಗೆ ಅದು ಬೇಕೂ ಹೌದು. ಆದರೆ ಸುತ್ತ ಮುಚ್ಚಿ ಗಾಳಿ ಕಟ್ಟಿದರೆ ಒಳಗೆ ಬೆವರಿ ಅಡಿಕೆಗೆ ಬೂಸ್ಟು ಹಿಡಿಯುತ್ತದೆ.

ಅಡಿಕೆ ಈಗ ಘಟ್ಟ ಇಳಿದು ಹಾವೇರಿ ಜಿಲ್ಲೆಯ ಹೊಲಗಳಿಗೂ ಬಂದಿದೆ. ಸಸಿ ತಂದವರು ಅಟ್ಟ ಕಟ್ಟುವ ವಿದ್ಯೆಯನ್ನೂ ತರಬೇಕು. ಹೊಸದಾಗಿ ಶೆಡ್ ಹಾಕಿಸುವ ರೈತರು ಕಾಂಟ್ರಾಕ್ಟರ್‌ಗೆ ಮುಂಗಡ ಕೊಡುವ ಮೊದಲು ಮೂರು ಮಾತು ಕೇಳಲಿ: ಕಂಬದ ಬುಡ ಕಲ್ಲಿನ ಮೇಲಿದೆಯೇ, ಸೂರು ಸಾಕಷ್ಟು ಚಾಚಿದೆಯೇ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ?