ಹೋಟೆಲ್ ಸಂಸ್ಥೆಯ ಹೊಗೆಯ ಲೆಕ್ಕ: ಹಸಿರುಮನೆ ಅನಿಲ ವರದಿಯನ್ನು ಓದಿಸುವ ಬಗೆ

ಕನ್ನಡದಲ್ಲಿ ಹೋಟೆಲು ಎಂದೊಡನೆ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ದೋಸೆಯ ಕಾವಲಿ ಮತ್ತು ಕಾಫಿಯ ಲೋಟ. ಪ್ರಸ್ತುತ ಪಾಠದ ಹೋಟೆಲು ಅದಲ್ಲ. ನೂರಾರು ಕೊಠಡಿ, ಬಟ್ಟೆ ಒಗೆಯುವ ಯಂತ್ರಗಳು, ಈಜುಕೊಳ, ಹಗಲಿರುಳು ನಡೆಯುವ ಹವಾನಿಯಂತ್ರಣ ಇವೆಲ್ಲವನ್ನು ಹೊಂದಿದ ವಸತಿಗೃಹ. ಈ ವ್ಯತ್ಯಾಸವನ್ನು ಮೊದಲೇ ತಿಳಿಸದಿದ್ದರೆ ಮುಂದಿನ ಲೆಕ್ಕವೆಲ್ಲ ಅಡುಗೆಮನೆಯ ಒಲೆಯ ಬಳಿಯೇ ನಿಂತುಬಿಡುತ್ತದೆ.

ಹಸಿರುಮನೆ ಪರಿಣಾಮದ ವ್ಯಾಖ್ಯೆಯನ್ನು ಪಠ್ಯಪುಸ್ತಕಗಳು ಕೊಡುತ್ತವೆ. ಆದರೆ ‘ಇಂಥ ಸಂಸ್ಥೆ ತನ್ನ ಹೊರಸೂಸುವಿಕೆಯನ್ನು ಶೇಕಡಾ ಇಷ್ಟು ತಗ್ಗಿಸಲಿದೆ’ ಎಂಬ ಪತ್ರಿಕಾ ವಾಕ್ಯವನ್ನು ಹೇಗೆ ಓದಬೇಕೆಂಬುದನ್ನು ಅವು ಕಲಿಸುವುದಿಲ್ಲ. ಗಡಿನಾಡಿನ ವಿದ್ಯಾರ್ಥಿಯು ಈ ವಾಕ್ಯವನ್ನು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಓದುವ ಸಂಭವವೇ ಹೆಚ್ಚು. ಅದನ್ನು ಕನ್ನಡದಲ್ಲಿ ಆಲೋಚಿಸಿ ಪ್ರಶ್ನಿಸಬಲ್ಲವನಾದರೆ ಭಾಷೆಯ ಪಾಠವೂ ವಿಜ್ಞಾನದ ಪಾಠವೂ ಒಟ್ಟಿಗೆ ಸಾಧಿಸಿದಂತಾಗುತ್ತದೆ.

ಲೆಕ್ಕದ ಮೂಲವು ಸರಳವಾದುದು. ಎಷ್ಟು ಇಂಧನ ಉರಿಯಿತು, ಎಷ್ಟು ವಿದ್ಯುತ್ತು ವ್ಯಯವಾಯಿತು ಎಂಬುದನ್ನು ಬಿಲ್ಲುಗಳಿಂದ ತೆಗೆದು, ಪ್ರತಿಯೊಂದನ್ನೂ ಅದರದರ ಗುಣಕದಿಂದ ಗುಣಿಸಿ, ಇಂಗಾಲದ ಡೈಆಕ್ಸೈಡಿಗೆ ಸಮನಾದ ತೂಕವಾಗಿ ಹೇಳಲಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ, ಒಂದು ಕಿಲೋಗ್ರಾಂ ಅಡುಗೆ ಅನಿಲಕ್ಕೆ ಸುಮಾರು 3 ಕಿಲೋಗ್ರಾಂ, ಭಾರತದ ಜಾಲದಿಂದ ಪಡೆದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ. ಹವಾನಿಯಂತ್ರಕದ ಕೊಳವೆಯಿಂದ ಸೋರುವ ಅನಿಲವನ್ನು ಮಕ್ಕಳು ಊಹಿಸಲಾರರು: ಎಚ್‌ಎಫ್‌ಸಿ-134ಎ ಎಂಬ ಶೀತಕದ ಒಂದೇ ಕಿಲೋಗ್ರಾಂ, ನೂರು ವರ್ಷಗಳ ಅವಧಿಯಲ್ಲಿ, ಸುಮಾರು 1,300 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿನಷ್ಟು ಶಾಖವನ್ನು ಹಿಡಿದಿಡುತ್ತದೆ.

ಒಂದು ಕಲ್ಪಿತ ಹೋಟೆಲನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು. ತಿಂಗಳಿಗೆ 1,000 ಲೀಟರ್ ಡೀಸೆಲ್, 19 ಕಿಲೋಗ್ರಾಮಿನ 100 ಅನಿಲ ಸಿಲಿಂಡರು, ಸೋರಿದ ಶೀತಕ 5 ಕಿಲೋಗ್ರಾಂ, ಒಂದು ಲಕ್ಷ ಯೂನಿಟ್ ವಿದ್ಯುತ್ತು. ಮೊದಲ ಮೂರೂ ಸೇರಿ ಸುಮಾರು 15 ಟನ್. ವಿದ್ಯುತ್ತೊಂದೇ 70 ಟನ್. ಒಟ್ಟು 85 ಟನ್.

ಇಂಥ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ನಿಯಮಾವಳಿ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್. 2001ರಲ್ಲಿ ಪ್ರಕಟವಾಗಿ 2004ರಲ್ಲಿ ಪರಿಷ್ಕೃತವಾದ ಅದರ ಮಾನದಂಡವು ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ. ಸಂಸ್ಥೆಯ ಹತೋಟಿಯಲ್ಲಿರುವ ಒಲೆ, ಬಾಯ್ಲರು, ವಾಹನ, ಶೀತಕಗಳದು ಒಂದನೆಯದು. ಕೊಂಡ ವಿದ್ಯುತ್ತಿನದು ಎರಡನೆಯದು. ಸರಕು ಪೂರೈಸುವವರು, ತ್ಯಾಜ್ಯ ಸಾಗಿಸುವವರು ಮೊದಲಾದ ಪರರ ಕೈಯಲ್ಲಿ ಉಂಟಾಗುವುದೆಲ್ಲ ಮೂರನೆಯದು. ಅತಿಥಿಯು ಕುಳಿತು ಬಂದ ವಿಮಾನದ ಹೊಗೆ ಸಾಮಾನ್ಯವಾಗಿ ಹೋಟೆಲಿನ ಪುಸ್ತಕಕ್ಕೆ ಬರುವುದೇ ಇಲ್ಲ.

ಇಷ್ಟು ತಿಳಿದ ಮೇಲೆ ನಿಜವಾದ ಉದಾಹರಣೆಗೆ ಬರಬಹುದು. 1919ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸಿಸ್ಕೋ ಎಂಬ ಊರಿನಲ್ಲಿ ಕಾನ್ರಾಡ್ ಹಿಲ್ಟನ್ ಒಂದು ಹೋಟೆಲನ್ನು ಕೊಂಡರು. ಅಲ್ಲಿಂದ ಬೆಳೆದ ಹಿಲ್ಟನ್ ಸಂಸ್ಥೆಯ ಹೆಸರಿನಲ್ಲಿ 2023ರ ಕೊನೆಗೆ 7,500ಕ್ಕೂ ಹೆಚ್ಚು ಹೋಟೆಲುಗಳಿದ್ದವು. ಇವುಗಳಲ್ಲಿ ಸಂಸ್ಥೆಯ ಸ್ವಂತದವು ಅಥವಾ ಅದು ಗುತ್ತಿಗೆಗೆ ಪಡೆದವು ನೂರಕ್ಕೂ ಕಡಿಮೆ. ಕೆಲವು ನೂರು ಹೋಟೆಲುಗಳು ಬೇರೆಯವರ ಕಟ್ಟಡಗಳಲ್ಲಿದ್ದು, ಹಿಲ್ಟನ್ ಅವುಗಳ ಆಡಳಿತವನ್ನು ಮಾತ್ರ ನಡೆಸುತ್ತದೆ. ಮಿಕ್ಕ ಬಹುಪಾಲು ಫ್ರಾಂಚೈಸಿಗಳು: ಕಟ್ಟಡವೂ ಆಡಳಿತವೂ ಪರರದು, ಹೆಸರು ಮಾತ್ರ ಹಿಲ್ಟನಿನದು. ಆದ್ದರಿಂದ ಆಡಳಿತ ನಡೆಸುವ ಹೋಟೆಲುಗಳ ಹೊಗೆ ಒಂದು ಮತ್ತು ಎರಡನೆಯ ವ್ಯಾಪ್ತಿಗೂ ಫ್ರಾಂಚೈಸಿಗಳ ಹೊಗೆ ಮೂರನೆಯದಕ್ಕೂ ಸೇರುತ್ತದೆ. ಮುಖ್ಯದ್ವಾರದ ಮೇಲಿನ ನಾಮಫಲಕವನ್ನು ನೋಡಿದ ಅತಿಥಿಗೆ ಈ ಭೇದ ಕಾಣುವುದಿಲ್ಲ. ನಿಯಮದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಮೊದಲೆರಡು ವ್ಯಾಪ್ತಿಗಳನ್ನಷ್ಟೇ ಓದಿದವನು ಆ ಹೆಸರಿನ ಹೋಟೆಲುಗಳ ಸಣ್ಣದೊಂದು ಪಾಲನ್ನು ಮಾತ್ರ ಓದಿರುತ್ತಾನೆ. ಹಿಲ್ಟನ್ ಫ್ರಾಂಚೈಸಿಗಳಿಗೂ ಪ್ರತ್ಯೇಕ ಗುರಿಯನ್ನು ಹಾಕಿಕೊಂಡಿರುವುದು ಆ ಮಟ್ಟಿಗೆ ಮೆಚ್ಚತಕ್ಕದ್ದು.

ಆ ಗುರಿಗಳ ಮಾತಿನಲ್ಲಿಯೇ ಹೆಚ್ಚು ಎಚ್ಚರ ಬೇಕು. 2008ನ್ನು ಆಧಾರವರ್ಷವಾಗಿಟ್ಟುಕೊಂಡು 2030ರೊಳಗೆ, ತಾನು ಆಡಳಿತ ನಡೆಸುವ ಹೋಟೆಲುಗಳ ಹೊರಸೂಸುವಿಕೆಯನ್ನು ಶೇಕಡಾ 75ರಷ್ಟು, ಫ್ರಾಂಚೈಸಿಗಳದನ್ನು ಶೇಕಡಾ 56ರಷ್ಟು ತಗ್ಗಿಸುವುದಾಗಿ ಹಿಲ್ಟನ್ ಹೇಳಿದೆ. ಈ ಇಳಿಕೆ ಕಟ್ಟಡದ ಪ್ರತಿ ಚದರ ಮೀಟರಿಗೆ ಸಂಬಂಧಿಸಿದ್ದೇ ಹೊರತು ಒಟ್ಟು ಮೊತ್ತಕ್ಕಲ್ಲ. ಹತ್ತು ಹೋಟೆಲುಗಳಿದ್ದ ಕಂಪನಿಯು ಅಷ್ಟೇ ಗಾತ್ರದ ನಲವತ್ತನ್ನು ನಡೆಸತೊಡಗಿ, ಚದರ ಮೀಟರಿಗೆ ಶೇಕಡಾ 75 ಇಳಿಸಿದರೂ ವಾತಾವರಣಕ್ಕೆ ಸೇರುವ ಅನಿಲ ಮೊದಲಿನಷ್ಟೇ ಇರುತ್ತದೆ. ಇದಕ್ಕೆ ಭಿನ್ನವಾಗಿ, ಅಮೆರಿಕದ್ದೇ ಆದ ಮ್ಯಾರಿಯಟ್ ಸಂಸ್ಥೆಯು 2019ಕ್ಕೆ ಹೋಲಿಸಿ 2030ರೊಳಗೆ ಮೊದಲೆರಡು ವ್ಯಾಪ್ತಿಗಳ ಒಟ್ಟು ಮೊತ್ತವನ್ನೇ ಶೇಕಡಾ 46.2ರಷ್ಟು ಇಳಿಸುವ ಗುರಿಯನ್ನಿಟ್ಟಿದೆ. 75ನ್ನು 46.2ರ ಪಕ್ಕದಲ್ಲಿಟ್ಟು ಯಾವುದು ದೊಡ್ಡದೆಂದು ಕೇಳುವುದು ಅರ್ಥಹೀನ; ಭಾಜಕವೂ ಬೇರೆ, ಆಧಾರವರ್ಷವೂ ಬೇರೆ. ಇಲ್ಲಿ ಪದದ ತೊಡಕೂ ಒಂದುಂಟು. ಘಟಕವೊಂದಕ್ಕೆ ತಗಲುವ ಈ ಅಳತೆಯನ್ನು ‘ಹೊರಸೂಸುವಿಕೆಯ ತೀವ್ರತೆ’ ಎಂದು ಅನುವಾದಿಸುವ ರೂಢಿಯಿದೆ. ತೀವ್ರತೆ ಎಂದರೆ ಮಕ್ಕಳಿಗೆ ಹೊಗೆಯ ಗಾಢತೆಯೆಂಬ ಭ್ರಮೆಯುಂಟಾಗುತ್ತದೆ. ‘ಪ್ರತಿ ಘಟಕದ ಹೊರಸೂಸುವಿಕೆ’ ಎಂಬುದೇ ಲೇಸು.

ಭಾಜಕವು ಕೊಠಡಿಯಾದರೆ ಫಲ ಮತ್ತೊಂದು ಬಗೆಯದು. ಮೇಲಿನ ಕಲ್ಪಿತ ಹೋಟೆಲಿನಲ್ಲಿ ತಿಂಗಳಿಗೆ 2,500 ಕೊಠಡಿ-ರಾತ್ರಿಗಳು ಭರ್ತಿಯಾಗಿದ್ದರೆ ಒಂದಕ್ಕೆ 34 ಕಿಲೋಗ್ರಾಂ. ಅತಿಥಿಗಳು ಕಡಿಮೆಯಾಗಿ 500ಕ್ಕೆ ಇಳಿದು, ಒಟ್ಟು ಮೊತ್ತವು 50 ಟನ್ನಿಗೆ ತಗ್ಗಿದರೆ ಒಂದಕ್ಕೆ 100 ಕಿಲೋಗ್ರಾಂ. ಕೊಠಡಿ ಖಾಲಿಯಿದ್ದರೂ ದೀಪ, ಪಂಪು, ಶೀತಲಯಂತ್ರಗಳು ನಿಲ್ಲುವುದಿಲ್ಲವಷ್ಟೆ.

ವಿದ್ಯುತ್ತಿನದೂ ಎರಡು ಮುಖ. 2015ರಿಂದ ಎರಡನೆಯ ವ್ಯಾಪ್ತಿಯನ್ನು ಎರಡು ವಿಧಾನಗಳಲ್ಲಿ ತೋರಿಸಬೇಕಾಗಿದೆ: ಸ್ಥಳೀಯ ಜಾಲದ ಸರಾಸರಿಯಂತೆ ಒಂದು, ಸಂಸ್ಥೆಯು ಮಾಡಿಕೊಂಡ ಖರೀದಿ ಕರಾರುಗಳಂತೆ ಇನ್ನೊಂದು. ನಮ್ಮ ಹೋಟೆಲು ತನ್ನ ಲಕ್ಷ ಯೂನಿಟ್ಟಿಗೂ ನವೀಕರಿಸಬಹುದಾದ ಶಕ್ತಿಯ ಪ್ರಮಾಣಪತ್ರಗಳನ್ನು ಕೊಂಡರೆ ಮೊದಲ ವಿಧಾನದಲ್ಲಿ 85 ಟನ್, ಎರಡನೆಯದರಲ್ಲಿ 15 ಟನ್. ತಂತಿಯಲ್ಲಿ ಹರಿದದ್ದು ಅದೇ ವಿದ್ಯುತ್ತು. ಜಾಹೀರಾತಿನಲ್ಲಿ ಯಾವ ಸಂಖ್ಯೆ ಕಾಣಿಸಿಕೊಳ್ಳುವುದೆಂದು ಊಹಿಸುವುದು ಕಷ್ಟವಲ್ಲ.

ಭಾರತದಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಸೆಬಿಯ ನಿಯಮದಂತೆ ಇಂಥ ವರದಿ ಸಲ್ಲಿಸುವುದು ಕಡ್ಡಾಯವಾಯಿತು. ಮೊದಲೆರಡು ವ್ಯಾಪ್ತಿಗಳು ಅದರ ಅಗತ್ಯ ಸೂಚಕಗಳಲ್ಲಿವೆ. ಮೂರನೆಯದು ಐಚ್ಛಿಕ ಭಾಗದಲ್ಲಿದೆ. ದೊಡ್ಡ ಹೋಟೆಲ್ ಸಂಸ್ಥೆಗಳ ವರದಿಗಳು ಹೀಗೆ ಸಾರ್ವಜನಿಕವಾಗಿ ದೊರೆಯುವುದರಿಂದ ಮೇಲ್ತರಗತಿಗಳಲ್ಲಿ ಅವನ್ನೇ ಓದಿಸಬಹುದು. ಓದಿಸುವಾಗ ಹವಾಮಾನವನ್ನು ಮರೆಯಬಾರದು. ಉದಕಮಂಡಲದ ಚಳಿಗೆ ನೀರು ಕಾಯಿಸುವ ಹೋಟೆಲಿನದೂ ಸೊಲ್ಲಾಪುರದ ಬೇಸಗೆಯಲ್ಲಿ ಕೊಠಡಿ ತಂಪಾಗಿಸುವ ಹೋಟೆಲಿನದೂ ಒಂದೇ ಲೆಕ್ಕವಾಗಲಾರದು.

ಚಟುವಟಿಕೆಗೆ ಶಾಲೆಯ ಬಿಲ್ಲುಗಳೇ ಸಾಕು. ಮೂರು ತಿಂಗಳ ವಿದ್ಯುತ್ ಬಿಲ್ಲನ್ನೂ ಬಿಸಿಯೂಟಕ್ಕೆ ಖರ್ಚಾದ ಸಿಲಿಂಡರುಗಳ ಸಂಖ್ಯೆಯನ್ನೂ ಕೊಟ್ಟು, ಒಟ್ಟು ಮೊತ್ತವನ್ನೂ ಪ್ರತಿ ವಿದ್ಯಾರ್ಥಿಯ ಪಾಲನ್ನೂ ತೆಗೆಯಿಸಬೇಕು. ಅನಂತರ, ಊಟವು ಶಾಲೆಯಲ್ಲಿ ಬೇಯದೆ ಹೊರಗಿನ ಅಡುಗೆಮನೆಯಿಂದ ವಾಹನದಲ್ಲಿ ಬಂದರೆ ಆ ಸಿಲಿಂಡರುಗಳು ಯಾವ ವ್ಯಾಪ್ತಿಗೆ ಹೋಗುತ್ತವೆ, ಶಾಲೆಯ ಮೊದಲ ವ್ಯಾಪ್ತಿಯ ಸಂಖ್ಯೆ ಏನಾಗುತ್ತದೆ, ಆಕಾಶಕ್ಕೆ ಏರಿದ ಹೊಗೆಯಲ್ಲಿ ಎಷ್ಟು ಕಡಿಮೆಯಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಕನ್ನಡದ ಪೂರ್ಣ ವಾಕ್ಯಗಳಲ್ಲಿ ಬರೆಯಿಸಬೇಕು.