ಭಾರಿ ವಾಹನಗಳ ಡಿ.ಪಿ.ಎಫ್. ದೀಪ: ಚಾಲಕರು ಹಾಗೂ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್.-6 ಮಾನದಂಡ ಜಾರಿಗೆ ಬಂದ ತರುವಾಯ, ಡೀಸೆಲ್ ಲಾರಿ, ಟಿಪ್ಪರ್ ಹಾಗೂ ಬಸ್ಸುಗಳ ಹೊಗೆಕೊಳವೆಯಲ್ಲಿ ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್, ಅಂದರೆ ಡಿ.ಪಿ.ಎಫ್., ಸಾಮಾನ್ಯ ಅಂಗವಾಗಿದೆ. ಜೇನುಗೂಡಿನಂತಹ ರಂಧ್ರಗಳುಳ್ಳ ಈ ಸೆರಾಮಿಕ್ ಶೋಧಕವು ಹೊಗೆಯಲ್ಲಿನ ಮಸಿಯನ್ನು ತಡೆಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿರುವುದನ್ನು ಗಮನಿಸಿದರೆ ಇದರ ಅಗತ್ಯ ಮನವರಿಕೆಯಾಗುತ್ತದೆ.

ಹಿಡಿದಿಟ್ಟ ಮಸಿಯನ್ನು ಶೋಧಕವು ಆಗಾಗ್ಗೆ ಸುಟ್ಟುಹಾಕಬೇಕು. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಭಾರ ಹೊತ್ತು ಶಿರಾಡಿ ಘಾಟಿ ಏರುವ ಲಾರಿಯಲ್ಲಿ ಹೊಗೆಯ ಶಾಖವೇ ಬಹುಪಾಲು ಈ ಕೆಲಸವನ್ನು ನೆರವೇರಿಸುತ್ತದೆ. ಕೆಂಪುಕಲ್ಲಿನ ಕೋರೆಯಿಂದ ಐದಾರು ಕಿಲೋಮೀಟರ್ ದೂರದ ಮನೆಕಟ್ಟುವ ಸ್ಥಳಕ್ಕೆ ದಿನವಿಡೀ ಓಡುವ, ಲೋಡಿಂಗ್ ವೇಳೆ ಇಂಜಿನ್ ಚಾಲೂ ಇಟ್ಟೇ ನಿಲ್ಲುವ ಟಿಪ್ಪರಿಗೆ ಆ ಶಾಖ ದೊರೆಯದು. ಬಿ.ಸಿ. ರೋಡ್ ಅಥವಾ ಮೂಡುಬಿದಿರೆಯ ಹೆದ್ದಾರಿ ಕಾಮಗಾರಿಗಳ ನಡುವೆ ತೆವಳುವ ವಾಹನದ ಸ್ಥಿತಿಯೂ ಇದೇ. ಆಗ ಯಂತ್ರವು ಹೆಚ್ಚುವರಿ ಡೀಸೆಲ್ ಉರಿಸಿ ಶೋಧಕವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಬೆಳಗುವ ಹಳದಿ ದೀಪವು ಮೊದಲ ಹಂತದಲ್ಲಿ ಕೆಟ್ಟುಹೋದ ಸೂಚನೆಯಲ್ಲ, ಸಮಯಾವಕಾಶ ಕೋರುವ ಸೂಚನೆ. ವಾಹನವನ್ನು ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿಸಿದರೆ, ಅಥವಾ ಕೈಪಿಡಿಯಲ್ಲಿ ತಿಳಿಸಿದಂತೆ ನಿಲ್ಲಿಸಿ ಸುಮಾರು ಅರ್ಧ ತಾಸು ರೀಜನರೇಷನ್ ನಡೆಸಿದರೆ ದೀಪ ಆರುತ್ತದೆ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಪಡೆಯುವ ಚಾಲಕನು ಈ ಅರ್ಧ ತಾಸನ್ನು ನಷ್ಟವೆಂದು ಭಾವಿಸಿ ಮಧ್ಯದಲ್ಲೇ ಇಂಜಿನ್ ನಿಲ್ಲಿಸುವುದು ಸಹಜ. ದೋಷ ಚಾಲಕನಿಗಿಂತ ಆ ಲೆಕ್ಕದಲ್ಲಿಯೇ ಇದೆ. ಮಾಲೀಕರು ಈ ಅವಧಿಯನ್ನು ಕೆಲಸದ ಅವಧಿಯೆಂದೇ ಪರಿಗಣಿಸತಕ್ಕದ್ದು. ಪದೇಪದೇ ತಡೆದಲ್ಲಿ ಮಸಿ ಗಟ್ಟಿಯಾಗಿ ಇಂಜಿನ್ ಶಕ್ತಿ ಕುಂದುತ್ತದೆ, ಕೊನೆಗೆ ಶೋಧಕವನ್ನೇ ಬದಲಾಯಿಸಬೇಕಾಗಬಹುದು.

ನಿಲ್ಲಿಸಿ ರೀಜನರೇಷನ್ ನಡೆಸುವಾಗ ಸ್ಥಳದ ಬಗ್ಗೆ ವಿಶೇಷ ಎಚ್ಚರ ಅವಶ್ಯ. ಫೆಬ್ರವರಿ-ಮಾರ್ಚ್ ತಿಂಗಳ ಒಣಹುಲ್ಲು, ಗೇರುತೋಪಿನ ತರಗೆಲೆ, ಅಡಿಕೆ ಒಣಗಿಸುವ ಅಂಗಳ ಇವುಗಳ ಬಳಿ ವಾಹನ ನಿಲ್ಲಿಸಬಾರದು. ಹೊಗೆಕೊಳವೆಯ ಶಾಖಕ್ಕೆ ಬೆಂಕಿ ಹತ್ತಬಹುದು.

ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಇಂಜಿನ್ ಆಯಿಲ್‌ನಿಂದ ಬರುವ ಬೂದಿಯು ಒಳಗೇ ಉಳಿಯುವುದರಿಂದ, ತಯಾರಕರು ಸೂಚಿಸಿದ ಕಡಿಮೆ ಬೂದಿಯ ಆಯಿಲ್ ಮಾತ್ರ ಬಳಸಬೇಕು ಹಾಗೂ ನಿಗದಿತ ಅವಧಿಗೆ ಶೋಧಕವನ್ನು ಕಳಚಿ ಶುಚಿಗೊಳಿಸಬೇಕು. ಡಿ.ಇ.ಎಫ್. ದ್ರಾವಣ ಪ್ರತ್ಯೇಕ ವ್ಯವಸ್ಥೆಗೆ ಸೇರಿದ್ದು, ಅದನ್ನು ತುಂಬಿದರೆ ಡಿ.ಪಿ.ಎಫ್. ದೀಪ ಆರದು. (ಗೊಬ್ಬರದ ಯೂರಿಯಾವನ್ನು ಬಾವಿನೀರಿನಲ್ಲಿ ಕರಗಿಸಿ ಆ ಟ್ಯಾಂಕಿಗೆ ಸುರಿಯುವುದು ಇನ್ನೊಂದು ದುಬಾರಿ ಪ್ರಯೋಗ.)

ಶೋಧಕವನ್ನು ಕಿತ್ತುಹಾಕಿ ಖಾಲಿ ಕೊಳವೆ ಜೋಡಿಸುವುದು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ಕ್ಕೆ ವಿರುದ್ಧ. ಹೊಗೆಯ ಮಾನದಂಡ ಮೀರಿದ ವಾಹನ ಚಲಾಯಿಸಿದಲ್ಲಿ ಕಲಂ 190(2)ರಂತೆ ಮೊದಲ ಅಪರಾಧಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಪ್ರತಿ ರೀಜನರೇಷನ್‌ನ ದಿನಾಂಕ ಹಾಗೂ ಕಿಲೋಮೀಟರನ್ನು ವಾಹನದ ಪುಸ್ತಕದಲ್ಲಿ ಬರೆದಿಡುವುದು ಸೂಕ್ತ. ಓಟದ ರೀತಿ ಬದಲಾಗದಿದ್ದರೂ ಅವುಗಳ ನಡುವಿನ ಅಂತರ ಕಿರಿದಾಗುತ್ತಿದ್ದಲ್ಲಿ, ಶೋಧಕದ ಜೊತೆಗೆ ಇಂಜೆಕ್ಟರ್ ಸೋರಿಕೆ, ಟರ್ಬೊದಿಂದ ಆಯಿಲ್ ಸೋರಿಕೆ ಮತ್ತು ಸೆನ್ಸರ್ ಕೊಳವೆಗಳನ್ನೂ ಪರೀಕ್ಷಿಸುವಂತೆ ಮೆಕ್ಯಾನಿಕ್‌ಗೆ ತಿಳಿಸತಕ್ಕದ್ದು.