ಓದಿದ್ದರಲ್ಲಿ ಶೇ. 10 ಮಾತ್ರ ನೆನಪಿರುತ್ತದೆಯೇ?

ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ ಎನ್ನುವ ಪಿರಮಿಡ್ ಚಿತ್ರವನ್ನು ಕಚೇರಿ, ಕಾರ್ಖಾನೆಗಳ ತರಬೇತಿ ಕೈಪಿಡಿಗಳಲ್ಲಿ ನೀವೂ ನೋಡಿರಬಹುದು. ಕೆಳಗೆ ಎಡ್ಗರ್ ಡೇಲ್ ಅವರ ಹೆಸರು ಬೇರೆ! ಆದರೆ ಅಮೆರಿಕದ ಈ ಶಿಕ್ಷಣತಜ್ಞರು 1946ರ ತಮ್ಮ ಪುಸ್ತಕದಲ್ಲಿ ಕೊಟ್ಟ ‘ಅನುಭವದ ಶಂಕು’ವಿನಲ್ಲಿ ಈ ಅಂಕಿಗಳೇ ಇರಲಿಲ್ಲ. ಅವನ್ನು ಬೇರೆಯವರು ಸೇರಿಸಿದ್ದು. ಇಂಥ ಅಂಕಿ ಕಂಡರೆ, ಕೈಪಿಡಿಯ ಉಳಿದ ಮಾಹಿತಿ ಎಲ್ಲಿಂದ ಬಂತು ಎಂದೂ ನಾವು ಕೇಳಬೇಕು.

ಹಾಗಾದರೆ ಕೈಪಿಡಿ ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ? ಬೆಂಕಿ ನಂದಿಸುವ ಸಿಲಿಂಡರಿನ ಪುಟವನ್ನು ಹೊಸಬರೊಬ್ಬರಿಗೆ ಓದಲು ಕೊಟ್ಟು, ಮಾಡಿ ತೋರಿಸಿ ಎನ್ನೋಣ. ನಾವು ಬಾಯಿ ಹಾಕಬಾರದು, ಅಷ್ಟೇ. ಪಿನ್ ಎಳೆಯದೆ ಹಿಡಿಕೆ ಒತ್ತಿದರೆ ತಪ್ಪು ಆ ಪುಟದ್ದು. ವಿದ್ಯುತ್ ಬೆಂಕಿಗೆಂದು ನೀರಿನ ಸಿಲಿಂಡರಿಗೆ ಕೈ ಹಾಕಿದರಂತೂ ಅದನ್ನು ಅಂದೇ ತಿದ್ದಬೇಕು.